ಕೊನೆಯ ಅಂಕಿ

ಮಳೆಗಾಲದ ಒಂದು ಶನಿವಾರ ರಾತ್ರಿ ಹತ್ತೂವರೆಗೆ ಮುಲುಂಡಿನ ಗೆಳೆಯನ ಫೋನು ಬಂತು. ಅವನು ಬಿಡುವಿನ ವೇಳೆಯಲ್ಲಿ ಕೌಂಟರ್-ಸ್ಟ್ರೈಕ್ ಸ್ಪರ್ಧೆಗಳನ್ನು ನಡೆಸುತ್ತಾನೆ. ನಿಯಮಾವಳಿಯನ್ನು ತಿದ್ದಿಕೊಟ್ಟವಳು ನಾನಾದ್ದರಿಂದ ಜಗಳಗಳೂ ನನ್ನ ಪಾಲಿಗೆ ಬರುತ್ತವೆ. ಆ ರಾತ್ರಿಯ ಜಗಳ ಭಾಂಡುಪಿನ ಹತ್ತೊಂಬತ್ತರ ಹುಡುಗನದು. ಹಿಂದೆ ಮೋಸ ಮಾಡಿ ಸಿಕ್ಕಿಬಿದ್ದವನು ಎಂದು ಕಂಪ್ಯೂಟರ್ ಅವನ ಹೆಸರನ್ನು ಪಟ್ಟಿಯಿಂದ ತೆಗೆದುಹಾಕಿತ್ತು. ಹುಡುಗ ಅಳುವ ದನಿಯಲ್ಲಿ ಅದು ತಾನಲ್ಲ ಎನ್ನುತ್ತಿದ್ದ. ತಂಡದ ಉಳಿದ ನಾಲ್ವರು ಆಗಲೇ ಅವನೊಡನೆ ಮಾತು ಬಿಟ್ಟಿದ್ದರು.

ಗೆಳೆಯ ಎರಡು ಸಂಖ್ಯೆಗಳನ್ನು ಕಳಿಸಿದ. ಒಂದು ಹುಡುಗ ಅರ್ಜಿಯಲ್ಲಿ ಬರೆದದ್ದು, ಇನ್ನೊಂದು ಕಂಪ್ಯೂಟರ್ ಪತ್ತೆಹಚ್ಚಿದ್ದು. ಎರಡೂ ಹದಿನೇಳು ಅಂಕಿಯವು. ಅನುವಾದಕರಿಗೆ ಕರಡು ತಿದ್ದುವ ಚಾಳಿ ಇರುತ್ತದಲ್ಲ, ಬೆರಳಿಟ್ಟು ಓದಿದೆ. ಹದಿನಾರು ಅಂಕಿಗಳು ಒಂದೇ ಆಗಿದ್ದವು, ಕೊನೆಯದು ಮಾತ್ರ ಬೇರೆ.

ಕೊನೆಯ ಅಂಕಿಗಾಗಿ ಈ ಊರು ಜಗಳವಾಡಿದ್ದು ಅದೇ ಮೊದಲಲ್ಲ. ಮೋಸವಿಲ್ಲದ ಒಂದು ಸಂಖ್ಯೆ ಎಲ್ಲಿ ಸಿಗುತ್ತದೆ ಎಂದು ಮುಂಬಯಿ ನೂರಮೂವತ್ತು ವರ್ಷಕ್ಕೂ ಮೇಲ್ಪಟ್ಟು ಹುಡುಕಿದೆ.

ಮೊದಲು ಹುಡುಕಿದ್ದು ಆಕಾಶದಲ್ಲಿ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಇಲ್ಲಿನ ವ್ಯಾಪಾರಿಗಳಲ್ಲಿ ಮಳೆಯ ಸಟ್ಟಾ ಜೋರಾಗಿತ್ತು. ಅದರ ಒಂದು ಬಗೆಗೆ ‘ಕಲಕತ್ತಾ ಮೋರಿ’ ಎಂದು ಹೆಸರು. ಗೊತ್ತುಪಡಿಸಿದ ಹೊತ್ತಿನೊಳಗೆ ಮೋರಿಯಲ್ಲಿ ನೀರು ಹರಿಯುವಷ್ಟು ಮಳೆ ಬೀಳುತ್ತದೋ ಇಲ್ಲವೋ ಎಂಬುದೇ ಪಣ. ಕನ್ನಡದವರಿಗೆ ಈ ‘ಮೋರಿ’ಯ ಅರ್ಥ ಬಿಡಿಸಿ ಹೇಳಬೇಕಿಲ್ಲ. ಈ ಪಣದ ಸೊಗಸು ಇರುವುದು ಮಳೆಯನ್ನು ಯಾರೂ ಕೊಂಡುಕೊಳ್ಳಲಾರರು ಎಂಬುದರಲ್ಲಿ. ದಾಳ ಉರುಳಿಸುವವನ ಕೈಚಳಕಕ್ಕೆ ಹೆದರಬೇಕು, ಮೋಡದ ಕೈಚಳಕಕ್ಕೆ ಯಾರು ಹೆದರುತ್ತಾರೆ?

ಸರ್ಕಾರಕ್ಕೆ ಇದು ಹಿಡಿಸಲಿಲ್ಲ. ಮುಂಬಯಿ ಪ್ರಾಂತದ ಜೂಜು ನಿಷೇಧ ಕಾಯಿದೆ ಬಂದದ್ದು 1887ರಲ್ಲಿ. ಆದರೆ 1889ರಲ್ಲಿ ನರೋತ್ತಮದಾಸ್ ಮೋತಿರಾಂ ಎಂಬುವರ ಮೊಕದ್ದಮೆ ಬಂದಾಗ, ಮಳೆಯ ಪಣ ಆ ಕಾಯಿದೆಯ ಅಡಿ ಬರುವುದಿಲ್ಲ ಎಂದು ಹೈಕೋರ್ಟು ಹೇಳಿತು. ಕಾನೂನು ‘ಜೂಜಿನ ಸಲಕರಣೆ’ಯನ್ನು ಹುಡುಕುತ್ತಿತ್ತು. ಮಳೆ ಇಸ್ಪೀಟೂ ಅಲ್ಲ, ಕವಡೆಯೂ ಅಲ್ಲ. ಮರುವರ್ಷ, 1890ರಲ್ಲಿ, ಕಾಯಿದೆಯನ್ನೇ ತಿದ್ದಿ ಮಳೆಯನ್ನು ಒಳಗೆ ಸೇರಿಸಬೇಕಾಯಿತು.

ಮುಂದಿನ ಹುಡುಕಾಟ ಸಮುದ್ರದಾಚೆಗೆ ಹೋಯಿತು. 1870ರಲ್ಲಿ ಎರಡು ಸಂಗತಿಗಳು ನಡೆದವು. ಸೂಯೆಜ್, ಏಡನ್ ದಾರಿಯಾಗಿ ಸಮುದ್ರದಡಿಯ ತಂತಿ ಮುಂಬಯಿ ಮುಟ್ಟಿತು. ಅತ್ತ ಅಮೆರಿಕದಲ್ಲಿ ನ್ಯೂಯಾರ್ಕ್ ಕಾಟನ್ ಎಕ್ಸ್‌ಚೇಂಜ್ ಸ್ಥಾಪನೆಯಾಯಿತು. ಅಮೆರಿಕದ ಅಂತರ್ಯುದ್ಧ ಹತ್ತಿಯಿಂದ ಮುಂಬಯಿಯನ್ನು ಶ್ರೀಮಂತಗೊಳಿಸಿ 1865ರಲ್ಲಿ ದಿವಾಳಿಯನ್ನೂ ಮಾಡಿತ್ತು. ಆದ್ದರಿಂದ ಅಲ್ಲಿನ ಹತ್ತಿಯ ದರ ಇಲ್ಲಿನ ವ್ಯಾಪಾರಿಗೆ ಉಸಿರಾಟದಷ್ಟೇ ಮುಖ್ಯವಾಗಿತ್ತು. ಕಾಲಾನಂತರ ಆ ದರ ವ್ಯಾಪಾರಕ್ಕೆ ಮಾತ್ರವಲ್ಲ, ಪಣಕ್ಕೂ ಒದಗಿತು. ನ್ಯೂಯಾರ್ಕಿನ ಆರಂಭದ ದರ, ಮುಕ್ತಾಯದ ದರ ಟೆಲಿಪ್ರಿಂಟರಿನಲ್ಲಿ ಶಿವಡಿಯ ಕಾಟನ್ ಎಕ್ಸ್‌ಚೇಂಜಿಗೆ ಬರುತ್ತಿದ್ದವು. ಆ ಅಂಕಿಗಳ ಮೇಲೆ ಗಿರಣಿ ಕಾರ್ಮಿಕರೂ ಆಣೆ, ರೂಪಾಯಿ ಕಟ್ಟುತ್ತಿದ್ದರು. ಆಟದ ಹೆಸರೇ ‘ಆಂಕಡಾ’, ಅಂದರೆ ಅಂಕಿ.

ಗಮನಿಸಿ: ದರದ ಮೊದಲ ಅಂಕಿಗಳು ದಿನದಿಂದ ದಿನಕ್ಕೆ ಹೆಚ್ಚು ಬದಲಾಗುವುದಿಲ್ಲ. ಯಾರಿಗೂ ಊಹಿಸಲಾಗದ್ದು ಬಾಲದಲ್ಲಿರುವ ಅಂಕಿ. ವ್ಯಾಪಾರಿಗೆ ಬೇಡವಾದ ಚಿಲ್ಲರೆಯೇ ಪಣ ಕಟ್ಟುವವನಿಗೆ ಬಂಗಾರ. ಲಾಲ್‌ಬಾಗಿನ ಬುಕ್ಕಿಗೆ ನ್ಯೂಯಾರ್ಕಿನ ದಲ್ಲಾಳಿಯ ಪರಿಚಯವಿಲ್ಲ. ಪರಿಚಯವಿಲ್ಲದಿರುವುದೇ ನಂಬಿಕೆಗೆ ಆಧಾರ. ಅಂಕಿ ದೂರದಿಂದ ಬರುತ್ತದೆ, ಗೊತ್ತಾದ ಹೊತ್ತಿಗೆ ಬರುತ್ತದೆ, ಗೊತ್ತಾದ ರೂಪದಲ್ಲಿ ಬರುತ್ತದೆ. ಇಂದಿನ ಸಾಫ್ಟ್‌ವೇರಿನವರು ಎಪಿಐ ಎನ್ನುವುದನ್ನು ಮುಂಬಯಿಯ ಚಾಳುಗಳು ಬೇರೆ ಹೆಸರಿಲ್ಲದೆ ಬಳಸುತ್ತಿದ್ದವು: ಇನ್ನೊಬ್ಬರ ದಾಖಲೆಯಿಂದ ಒಂದು ಉತ್ತರವನ್ನು ನಿಗದಿಯಾದ ರೀತಿಯಲ್ಲಿ ತರಿಸಿಕೊಳ್ಳುವ ಕಿಂಡಿ ಅದು.

1961ರಲ್ಲಿ ಕಿಂಡಿ ಮುಚ್ಚಿತು. ನ್ಯೂಯಾರ್ಕಿನಿಂದ ದರ ಬರುವುದು ನಿಂತಿತು. ಪಣ ಕಟ್ಟುವ ಕೈಗಳು ನಿಲ್ಲಲಿಲ್ಲ. 1962ರಲ್ಲಿ ಕಲ್ಯಾಣ್‌ಜಿ ಭಗತ್ ವರ್ಲಿಯಲ್ಲಿ, 1964ರಲ್ಲಿ ರತನ್ ಖತ್ರಿ ‘ನ್ಯೂ ವರ್ಲಿ’ ಎಂದು ಆಟ ಶುರುಮಾಡಿದರು. ಇಲ್ಲದ ಸರಕಿನ ಇಲ್ಲದ ದರಕ್ಕೆ ಅಂಕಿ ಬೇಕಿತ್ತು. ಚೀಟಿಗಳನ್ನು ಮಣ್ಣಿನ ಮಡಕೆಯಲ್ಲಿ, ಅಂದರೆ ಮಟ್ಕಾದಲ್ಲಿ, ಹಾಕಿ ಎತ್ತಿದರು. ಮುಂದೆ ಮಡಕೆ ಹೋಗಿ ಇಸ್ಪೀಟು ಬಂತು, ಹೆಸರು ಉಳಿಯಿತು. ಮೂರು ಎಲೆ ಎತ್ತಿ ಕೂಡಿಸುವುದು, ಮೊತ್ತದ ಕೊನೆಯ ಅಂಕಿಯನ್ನು ಇಟ್ಟುಕೊಳ್ಳುವುದು. 5, 3, 6 ಬಂದರೆ ಮೊತ್ತ 14, ಅಂಕಿ 4. ಇದು ‘ಓಪನ್’. ಕೆಲವು ತಾಸಿನ ಬಳಿಕ ಮತ್ತೆ ಮೂರು ಎಲೆ. ಅದು ‘ಕ್ಲೋಸ್’.

ಭಾಷಾಶಾಸ್ತ್ರ ಓದಿದವಳಿಗೆ ಇಲ್ಲಿ ಕಣ್ಣಿಗೆ ಬೀಳುವುದು ಈ ಎರಡು ಪದಗಳು. ಮಾರುಕಟ್ಟೆ ಇಲ್ಲ, ತೆರೆಯುವುದಕ್ಕೆ ಬಾಗಿಲಿಲ್ಲ, ಮುಚ್ಚುವುದಕ್ಕೂ ಇಲ್ಲ. ಆದರೂ ನ್ಯೂಯಾರ್ಕಿನ ಓಪನ್-ಕ್ಲೋಸ್ ಪಳೆಯುಳಿಕೆಯಾಗಿ ಉಳಿದವು. ಅವು ಮುಂಬಯಿಯಿಂದ ಕರ್ನಾಟಕಕ್ಕೂ ಇಳಿದು ಎರಡಕ್ಷರವಾದವು. ನಮ್ಮೂರುಗಳಲ್ಲಿ ಮಟ್ಕಾಕ್ಕೆ ‘ಓಸಿ’ ಎನ್ನುವುದು ಇದರಿಂದಲೇ. ಓಸಿಯನ್ನು ಆಡುವುದಿಲ್ಲ, ‘ಬರೆಸು’ತ್ತಾರೆ. ಚೀಟಿಯಲ್ಲಿ ಬರೆದದ್ದೇ ಒಪ್ಪಂದ, ಬೇರೆ ಸಾಕ್ಷಿ ಇಲ್ಲ.

ಆದರೆ ಒಂದು ದೊಡ್ಡ ವ್ಯತ್ಯಾಸವಾಗಿತ್ತು. ಮಳೆಗೂ ನ್ಯೂಯಾರ್ಕಿಗೂ ಯಾರು ಎಷ್ಟು ಕಟ್ಟಿದ್ದಾರೆ ಎಂಬುದು ಗೊತ್ತಿರಲಿಲ್ಲ. ಎಲೆ ಎತ್ತುವವನಿಗೆ ಗೊತ್ತಿತ್ತು. ದೂರ ಅಳಿಸಿಹೋಗಿ ನಂಬಿಕೆ ಮತ್ತೆ ಒಬ್ಬ ಮನುಷ್ಯನ ಕೈಗೆ ಬಂದು ಕುಳಿತಿತ್ತು. ಖತ್ರಿ ಎಲ್ಲರೆದುರಿಗೆ ಎಲೆ ಎತ್ತಿಸುತ್ತಿದ್ದರು ಎಂದು ಹಳಬರು ಹೇಳುತ್ತಾರೆ. ಆ ಖ್ಯಾತಿಯೇ ಅವರ ಬಂಡವಾಳ.

ಕಾನೂನು ಈ ಹೊತ್ತಿಗೆ ಪಾಠ ಕಲಿತಿತ್ತು. 1963ರ ಕರ್ನಾಟಕ ಪೊಲೀಸ್ ಕಾಯಿದೆಯ ವ್ಯಾಖ್ಯೆಗಳ ಭಾಗವನ್ನು ತೆರೆದು ನೋಡಿ. ಹತ್ತಿ, ಚಿನ್ನ-ಬೆಳ್ಳಿಯ ಮಾರುಕಟ್ಟೆ ದರದ ಮೇಲಿನ ಜೂಜು ಎಂದು ಹೇಳಿ ಸುಮ್ಮನಾಗುವುದಿಲ್ಲ. ಆ ದರವನ್ನು ಹೇಳಲು ಬಳಸುವ ಸಂಖ್ಯೆಯ ಅಂಕಿಗಳ ಮೇಲಿನ ಜೂಜು ಎಂದೂ ಸೇರಿಸುತ್ತದೆ. ಮೋಟಾರು ವಾಹನದ ನೋಂದಣಿ ಸಂಖ್ಯೆಯ ಅಂಕಿಗಳನ್ನೂ ಬಿಟ್ಟಿಲ್ಲ. ದರ ಬೇರೆ, ದರವನ್ನು ಬರೆಯುವ ಅಂಕಿ ಬೇರೆ ಎಂದು ಶಾಸನ ಅರಿತಿದೆ. ಮುಲುಂಡಿನ ಕಂಪ್ಯೂಟರಿಗೆ ಗೊತ್ತಿಲ್ಲದಿದ್ದದ್ದು ಇದೇ.

ಈಗ ಆ ಕಂಪ್ಯೂಟರಿಗೆ ಬರೋಣ. ಕೌಂಟರ್-ಸ್ಟ್ರೈಕ್ ಅಮೆರಿಕದ ವಾಲ್ವ್ ಕಂಪನಿಯ ಆಟ. ಗೋಡೆಯಾಚೆ ನೋಡುವ, ಗುರಿಯನ್ನು ತಾನೇ ಹಿಡಿಯುವ ಕಳ್ಳ ಪ್ರೋಗ್ರಾಂಗಳನ್ನು ಪತ್ತೆಹಚ್ಚಲು ಅದು 2002ರಲ್ಲಿ ‘ವ್ಯಾಕ್’ ಎಂಬ ವ್ಯವಸ್ಥೆ ತಂದಿತು. ಸಿಕ್ಕಿಬಿದ್ದ ಖಾತೆಯ ದಾಖಲೆಯನ್ನು ಯಾವ ಸ್ಪರ್ಧೆಯ ಆಯೋಜಕರೂ ಕಂಪನಿಯ ವೆಬ್ ಎಪಿಐಯಿಂದ ಕೇಳಿ ಪಡೆಯಬಹುದು. ಉತ್ತರ ಚಿಕ್ಕದು: ಖಾತೆಯ ಸಂಖ್ಯೆ, ವ್ಯಾಕ್ ನಿಷೇಧವಿದೆಯೇ, ಎಷ್ಟು ಬಾರಿ, ಕೊನೆಯ ನಿಷೇಧಕ್ಕೆ ಎಷ್ಟು ದಿನವಾಯಿತು, ಇಂಥ ಕೆಲವು. ಭಾರತದ ಆಯೋಜಕರಿಗೆ ಇದು ಬೇಕಾಗುತ್ತದೆ. 2018ರಲ್ಲಿ ಶಾಂಘೈನಲ್ಲಿ ಭಾರತದ ತಂಡವೊಂದು ಆಟಗಾರನೊಬ್ಬನ ಕಳ್ಳ ಪ್ರೋಗ್ರಾಂನಿಂದ ಪಂದ್ಯದ ನಡುವೆಯೇ ಹೊರಬಿತ್ತು. ಆರೇ ತಿಂಗಳಲ್ಲಿ, 2019ರ ಏಪ್ರಿಲ್‌ನಲ್ಲಿ, ವರ್ಲಿಯ ಎನ್‌ಎಸ್‌ಸಿಐ ಡೋಮ್‌ನಲ್ಲಿ 3 ಲಕ್ಷ ಡಾಲರ್ ಬಹುಮಾನದ ಡೋಟಾ 2 ಪಂದ್ಯಾವಳಿ ನಡೆಯಿತು. ಮಟ್ಕಾದ ವರ್ಲಿಗೆ ಮತ್ತೆ ದೂರದಿಂದ ಬರುವ ನಂಬಿಕೆಯ ಅಂಕಿ ಬೇಕಾಗಿತ್ತು.

ಗೆಳೆಯನ ಸ್ಕ್ರಿಪ್ಟು ಖಾತೆಯ ಸಂಖ್ಯೆಯನ್ನು ನಿಜವಾಗಿ ಸಂಖ್ಯೆ ಎಂದೇ ತಿಳಿದಿತ್ತು. ಜಾವಾಸ್ಕ್ರಿಪ್ಟ್ ಪೂರ್ಣಾಂಕಗಳನ್ನು ತಪ್ಪಿಲ್ಲದೆ ಹಿಡಿದಿಡುವುದು 9007199254740992ರವರೆಗೆ, ಹದಿನಾರು ಅಂಕಿ. ಖಾತೆಯ ಸಂಖ್ಯೆ ಅದರ ಎಂಟು ಪಟ್ಟು ದೊಡ್ಡದು. ಆ ಎತ್ತರದಲ್ಲಿ ಹದಿನಾರಕ್ಕೊಂದು ಸಂಖ್ಯೆಗೆ ಮಾತ್ರ ಜಾಗವಿದೆ. ಉಳಿದ ಹದಿನೈದೂ ಹತ್ತಿರದ ಜಾಗಕ್ಕೆ ಸರಿದು ಕೂರುತ್ತವೆ. ಭಾಂಡುಪಿನ ಹುಡುಗ ಹೀಗೆ ಸರಿದು ಎಲ್ಲಿಯದೋ ಅಪರಿಚಿತನ ಕುರ್ಚಿಯಲ್ಲಿ ಕುಳಿತಿದ್ದ. ಆ ಅಪರಿಚಿತ ಮೋಸಗಾರ. ಎಪಿಐ ಸುಳ್ಳು ಹೇಳಿರಲಿಲ್ಲ. ಕೇಳಿದವನು ಬೇರೆಯವನ ಬಗ್ಗೆ ಕೇಳಿದ್ದ.

ಇದಕ್ಕೆ ಮದ್ದು ‘ಟೈಪ್’ ಇರುವ ಕ್ಲೈಂಟ್ ಲೈಬ್ರರಿ. ಎಪಿಐಯೊಡನೆ ಮಾತಾಡುವ ಸಿದ್ಧ ಪ್ರೋಗ್ರಾಂ ಅದು. ಯಾವ ಮಾಹಿತಿ ಯಾವ ಜಾತಿಯದು ಎಂದು ಮೊದಲೇ ಬರೆದಿಟ್ಟಿರುತ್ತದೆ. ಇದು ಅಕ್ಷರಮಾಲೆ, ಇದು ಎಣಿಕೆ, ಇದು ಹೌದು-ಅಲ್ಲ. ಖಾತೆಯ ಸಂಖ್ಯೆ ಅದರ ಲೆಕ್ಕದಲ್ಲಿ ಅಕ್ಷರಮಾಲೆ, ಏಕೆಂದರೆ ಅದನ್ನು ಯಾರೂ ಕೂಡಿಸುವುದಿಲ್ಲ, ಕಳೆಯುವುದಿಲ್ಲ. ಸಂಖ್ಯೆಯಾಗಿ ಕೊಡಲು ಹೋದರೆ ಪ್ರೋಗ್ರಾಂ ಓಡುವ ಮೊದಲೇ ತಕರಾರು ತೆಗೆಯುತ್ತದೆ. ಭಾನುವಾರ ಬೆಳಗಿನ ಜಾವ ಗೆಳೆಯ ಟೈಪ್‌ಸ್ಕ್ರಿಪ್ಟಿನ ಅಂಥದೊಂದು ಲೈಬ್ರರಿ ಜೋಡಿಸಿದ. ಸ್ಕ್ರಿಪ್ಟಿನ ಮೂರು ಸಾಲುಗಳಿಗೆ ಕೆಂಪು ಗೆರೆ ಬಿತ್ತು. ತಿದ್ದಿ ಕೇಳಿದಾಗ ಹುಡುಗನ ದಾಖಲೆ ಶುಭ್ರವಾಗಿ ಬಂತು.

ಇದನ್ನು ವ್ಯಾಕರಣದಂತೆ ನೋಡಬಹುದು. ‘ಮಳೆ ಬಂದನು’ ಎಂದರೆ ಹೊರಗೆ ಇಣುಕಿ ನೋಡದೆಯೇ ತಪ್ಪೆನ್ನುತ್ತೇವೆ. ಟೈಪ್ ಮಾಡುವ ಕೆಲಸ ಅಷ್ಟು. ಆದರೆ ಬಿಸಿಲಿನಲ್ಲಿ ನಿಂತು ‘ಮಳೆ ಬಂತು’ ಎಂದರೆ ವ್ಯಾಕರಣ ತಲೆಯಾಡಿಸುತ್ತದೆ, ಮಾತು ಮಾತ್ರ ಸುಳ್ಳು. ನಿಷೇಧವೇ ಇಲ್ಲದವನಿಗೂ ‘ಕೊನೆಯ ನಿಷೇಧಕ್ಕೆ 0 ದಿನ’ ಎಂದೇ ಉತ್ತರ ಬರುತ್ತದೆ; ಪಕ್ಕದ ಸಾಲು ಓದದವನು ಇಂದೇ ಸಿಕ್ಕಿಬಿದ್ದ ಎಂದುಕೊಂಡಾನು. 2010ರ ಜುಲೈಯಲ್ಲಿ ವ್ಯಾಕ್ ತಾನೇ ತಪ್ಪಿ ಮಾಡರ್ನ್ ವಾರ್‌ಫೇರ್ 2 ಆಟದ ಸುಮಾರು 12,000 ಮಂದಿಯನ್ನು ಮೋಸಗಾರರೆಂದಿತು. ವಾಲ್ವ್ ನಿಷೇಧ ಹಿಂತೆಗೆದುಕೊಂಡು, ಕ್ಷಮೆ ಕೇಳಿ, ಇನ್ನೊಂದು ಆಟವನ್ನು ಉಚಿತವಾಗಿ ಕೊಟ್ಟಿತು. ಆ ದಿನಗಳಲ್ಲಿ ಎಷ್ಟೇ ಕಟ್ಟುನಿಟ್ಟಿನ ಲೈಬ್ರರಿಯಿಂದ ಕೇಳಿದ್ದರೂ ಉತ್ತರ ಸರಿಯಾದ ರೂಪದಲ್ಲೇ ತಪ್ಪಾಗಿ ಬರುತ್ತಿತ್ತು.

ಮಳೆ, ಹತ್ತಿ, ಮಡಕೆ, ಎಪಿಐ. ಮನುಷ್ಯನ ಕೈ ತಾಗದ ಅಂಕಿಗಾಗಿ ಊರು ಪ್ರತಿ ಸಲವೂ ದೂರ ಹೋಗಿದೆ. ಆದರೆ ಎಷ್ಟೇ ದೂರದಿಂದ ಬಂದರೂ ಅಂಕಿಯನ್ನು ಕೊನೆಗೆ ಓದುವವರು ನಾವೇ, ಮತ್ತು ಅದರ ಮೇಲೆ ಒಬ್ಬರನ್ನು ಕಳ್ಳ ಎನ್ನುವವರೂ ನಾವೇ. ನಿಯಮಾವಳಿಗೆ ಆ ವಾರ ಒಂದು ಸಾಲು ಸೇರಿಸಿದೆ: ಯಾರನ್ನಾದರೂ ಹೊರಹಾಕುವ ಮೊದಲು ಇಬ್ಬರು ಕೂತು ಖಾತೆಯ ಸಂಖ್ಯೆಯನ್ನು ಮೊದಲ ಅಂಕಿಯಿಂದ ಕೊನೆಯ ಅಂಕಿಯವರೆಗೆ ಗಟ್ಟಿಯಾಗಿ ಓದಬೇಕು.

ಹುಡುಗ ಭಾನುವಾರ ಆಡಿದ. ಮೊದಲ ಸುತ್ತಿನಲ್ಲೇ ಸೋತ. ಜೊತೆಯವರು ಮಾತಾಡಿಸಿದರು, ಆದರೆ ಶನಿವಾರದ ರಾತ್ರಿಯ ಬಗ್ಗೆ ಯಾರೂ ಏನೂ ಹೇಳಲಿಲ್ಲವಂತೆ.