ಬಿ. ವಿ. ಕಾರಂತ

ಬಾಬುಕೋಡಿ ವೆಂಕಟರಮಣ ಕಾರಂತ (1929 – ಸೆಪ್ಟೆಂಬರ್ 1, 2002) ಕನ್ನಡ ಹಾಗೂ ಹಿಂದಿ ರಂಗಭೂಮಿಯ ಪ್ರಮುಖ ನಿರ್ದೇಶಕರು, ರಂಗಸಂಗೀತ ಸಂಯೋಜಕರು ಮತ್ತು ಚಲನಚಿತ್ರ ನಿರ್ದೇಶಕರು. ವೃತ್ತಿ ಕಂಪನಿಗಳ ಹಾಡು ಹಾಗೂ ಯಕ್ಷಗಾನದಂತಹ ಜನಪದ ಪ್ರಕಾರಗಳನ್ನು ಆಧುನಿಕ ನಾಟಕದ ಭಾಷೆಯನ್ನಾಗಿ ಮಾಡಿದ್ದು ಅವರ ಮುಖ್ಯ ಸಾಧನೆ. ಮೈಸೂರಿನ ರಂಗಾಯಣದ ಸ್ಥಾಪಕ ನಿರ್ದೇಶಕರೂ ಅವರೇ.

ಬಾಲ್ಯ ಮತ್ತು ಶಿಕ್ಷಣ

ಕಾರಂತರು ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳ ತಾಲೂಕಿನ ಮಂಚಿ ಗ್ರಾಮದಲ್ಲಿ ಜನಿಸಿದರು. ಶಾಲೆಯಲ್ಲಿದ್ದಾಗ ಕುವೆಂಪು ಅವರ 'ನನ್ನ ಗೋಪಾಲ' ನಾಟಕದಲ್ಲಿ ಮೊದಲ ಬಾರಿಗೆ ಅಭಿನಯಿಸಿದರು. ಚಿಕ್ಕ ವಯಸ್ಸಿನಲ್ಲಿಯೇ ಮನೆ ಬಿಟ್ಟು ಗುಬ್ಬಿ ವೀರಣ್ಣನವರ ನಾಟಕ ಕಂಪನಿಯನ್ನು ಸೇರಿದರು. ಅವರ ಪ್ರತಿಭೆಯನ್ನು ಗುರುತಿಸಿದ ವೀರಣ್ಣನವರು ಉನ್ನತ ವ್ಯಾಸಂಗಕ್ಕಾಗಿ ಬನಾರಸ್ ಹಿಂದೂ ವಿಶ್ವವಿದ್ಯಾಲಯಕ್ಕೆ ಕಳುಹಿಸಿದರು. ಅಲ್ಲಿ ಹಿಂದಿಯಲ್ಲಿ ಎಂ.ಎ. ಪದವಿ ಪಡೆದ ಕಾರಂತರು, ಪಂಡಿತ ಓಂಕಾರನಾಥ ಠಾಕೂರರಲ್ಲಿ ಹಿಂದುಸ್ತಾನಿ ಸಂಗೀತವನ್ನು ಅಭ್ಯಸಿಸಿದರು. 1962ರಲ್ಲಿ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಿಂದ ಪದವೀಧರರಾಗಿ, ಅದೇ ನಗರದ ಸರ್ದಾರ್ ಪಟೇಲ್ ವಿದ್ಯಾಲಯದಲ್ಲಿ ಕೆಲವು ವರ್ಷ ಶಿಕ್ಷಕರಾಗಿದ್ದರು. ಇವರ ಪತ್ನಿ ಪ್ರೇಮಾ ಕಾರಂತರು ರಂಗ ಹಾಗೂ ಚಲನಚಿತ್ರ ನಿರ್ದೇಶಕಿ.

ರಂಗಭೂಮಿ

ಕಂಪನಿ ನಾಟಕಗಳಲ್ಲಿ ಹಾಡುಗಳು ಹೇರಳವಾಗಿದ್ದವು. ಅದಕ್ಕೆ ಪ್ರತಿಯಾಗಿ ಬೆಳೆದ ನಗರದ ಹವ್ಯಾಸಿ ರಂಗಭೂಮಿಯು ಗದ್ಯ ಸಂಭಾಷಣೆಗೆ ಹೆಚ್ಚು ಒಲಿದಿತ್ತು. ಎರಡನ್ನೂ ಒಳಗಿನಿಂದ ಬಲ್ಲ ಕಾರಂತರು 1970ರ ದಶಕದಲ್ಲಿ ಬೆಂಗಳೂರಿನಲ್ಲಿ ನಿರ್ದೇಶಿಸಿದ ನಾಟಕಗಳಲ್ಲಿ ಈ ಅಂತರವನ್ನು ಕುಗ್ಗಿಸಿದರು. ಪಿ. ಲಂಕೇಶರು ಅನುವಾದಿಸಿದ 'ಈಡಿಪಸ್', ಚಂದ್ರಶೇಖರ ಕಂಬಾರರ 'ಜೋಕುಮಾರಸ್ವಾಮಿ', ಗಿರೀಶ ಕಾರ್ನಾಡರ 'ಹಯವದನ' ಹಾಗೂ ಜಡಭರತರ 'ಸತ್ತವರ ನೆರಳು' ಇವರ ಹೆಸರಾಂತ ಪ್ರಯೋಗಗಳು. 'ಸತ್ತವರ ನೆರಳು' ನಾಟಕದಲ್ಲಿ ದಾಸರ ಪದಗಳನ್ನು ಬಳಸಿಕೊಂಡರು. ಬೆಂಗಳೂರಿನ 'ಬೆನಕ' ತಂಡದ ಸ್ಥಾಪಕರಲ್ಲಿಯೂ ಅವರು ಪ್ರಮುಖರು.

ಕಾರಂತರ ನಾಟಕಗಳಲ್ಲಿ ಸಂಗೀತವು ದೃಶ್ಯಗಳ ನಡುವಿನ ಅಲಂಕಾರವಲ್ಲ. ಮೇಳವು ಹಾಡುತ್ತಲೇ ಕಥೆಯನ್ನು ಮುನ್ನಡೆಸುತ್ತದೆ. ಮಾತು, ಉದ್ಗಾರ ಹಾಗೂ ನಿತ್ಯಬಳಕೆಯ ವಸ್ತುಗಳ ಸದ್ದು ಸಹ ಸಂಗೀತವಾಗುತ್ತದೆ. ಆದ್ದರಿಂದ ಗಾಯಕನಲ್ಲದ ನಟನೂ ಹಾಡಬೇಕೆಂಬುದು ಅವರ ರಂಗತರಬೇತಿಯ ಭಾಗವಾಯಿತು. ಷೇಕ್ಸ್‌ಪಿಯರನ 'ಮ್ಯಾಕ್‌ಬೆತ್' ನಾಟಕದ ಹಿಂದಿ ರೂಪವಾದ 'ಬರ್ನಮ್ ವನ'ವನ್ನು (1979) ಯಕ್ಷಗಾನದ ಅಂಶಗಳೊಂದಿಗೆ ನಿರ್ದೇಶಿಸಿದರು. ಕಾರ್ನಾಡರ 'ತುಘಲಕ್' ಮತ್ತು 'ಹಯವದನ' ನಾಟಕಗಳನ್ನು ಹಿಂದಿಗೆ ಅನುವಾದಿಸಿದರು. ಮಕ್ಕಳಿಗಾಗಿ 'ಪಂಜರಶಾಲೆ'ಯಂತಹ ನಾಟಕಗಳನ್ನು ರೂಪಿಸಿದರು.

ಸಂಸ್ಥೆಗಳು

1977ರಿಂದ 1981ರವರೆಗೆ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾಗಿದ್ದ ಕಾರಂತರು, ಬಳಿಕ ಭೋಪಾಲದ ಭಾರತ ಭವನದಲ್ಲಿ ರಂಗಮಂಡಲವನ್ನು ಮುನ್ನಡೆಸಿದರು. 1989ರಲ್ಲಿ ಕರ್ನಾಟಕ ಸರ್ಕಾರವು ಮೈಸೂರಿನಲ್ಲಿ ರಂಗಾಯಣವನ್ನು ಸ್ಥಾಪಿಸಿದಾಗ ಅದರ ಮೊದಲ ನಿರ್ದೇಶಕರಾದರು. ಹಗಲು ಬೇರೆ ಉದ್ಯೋಗ ಮಾಡಿ ಸಂಜೆ ತಾಲೀಮಿಗೆ ಬರುವುದು ಹವ್ಯಾಸಿ ನಟರ ಅನಿವಾರ್ಯತೆಯಾಗಿತ್ತು. ರಂಗಾಯಣದಲ್ಲಿ ನಟರು ಸಂಬಳ ಪಡೆದು ದಿನವಿಡೀ ಅಭಿನಯದಲ್ಲಿಯೇ ತೊಡಗುವಂತಾಯಿತು. ಮುಂದೆ ಧಾರವಾಡ, ಶಿವಮೊಗ್ಗ ಹಾಗೂ ಕಲಬುರಗಿಗಳಲ್ಲಿಯೂ ರಂಗಾಯಣಗಳು ಆರಂಭವಾದವು. ಇದರಿಂದ ಕಲ್ಯಾಣ ಕರ್ನಾಟಕ ಭಾಗಕ್ಕೂ ಒಂದು ಸರ್ಕಾರಿ ರಂಗಕೇಂದ್ರ ದೊರೆಯಿತು.

ಚಲನಚಿತ್ರಗಳು

ಎಸ್. ಎಲ್. ಭೈರಪ್ಪನವರ ಕಾದಂಬರಿಯನ್ನು ಆಧರಿಸಿದ 'ವಂಶವೃಕ್ಷ'ವನ್ನು (1971) ಕಾರ್ನಾಡರೊಂದಿಗೆ ನಿರ್ದೇಶಿಸಿದರು. ಶಿವರಾಮ ಕಾರಂತರ ಕಾದಂಬರಿ ಆಧಾರಿತ 'ಚೋಮನ ದುಡಿ' (1975) ಅತ್ಯುತ್ತಮ ಚಲನಚಿತ್ರವೆಂದು ರಾಷ್ಟ್ರಪತಿಗಳ ಸ್ವರ್ಣಕಮಲ ಗಳಿಸಿತು. 'ಋಷ್ಯಶೃಂಗ' ಮತ್ತು 'ಘಟಶ್ರಾದ್ಧ' ಚಿತ್ರಗಳ ಸಂಗೀತಕ್ಕಾಗಿ ಕಾರಂತರಿಗೆ ರಾಷ್ಟ್ರಪ್ರಶಸ್ತಿಗಳು ಲಭಿಸಿದವು.

ಗೌರವಗಳು ಮತ್ತು ನಿಧನ

1976ರಲ್ಲಿ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿಯನ್ನೂ 1981ರಲ್ಲಿ ಪದ್ಮಶ್ರೀಯನ್ನೂ ಪಡೆದರು. ಮಧ್ಯಪ್ರದೇಶ ಸರ್ಕಾರದ ಕಾಳಿದಾಸ ಸಮ್ಮಾನವೂ ಅವರಿಗೆ ಸಂದಿದೆ. 2002ರ ಸೆಪ್ಟೆಂಬರ್ 1ರಂದು ಬೆಂಗಳೂರಿನಲ್ಲಿ ನಿಧನರಾದರು. ಅವರ ಆತ್ಮಕಥನ 'ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ'ಯನ್ನು ಲೇಖಕಿ ವೈದೇಹಿಯವರು ನಿರೂಪಿಸಿದ್ದಾರೆ.