ಬೂಟ್ ವಿಡಿಯೊ (ಗೇಮ್ ಕನ್ಸೋಲ್)

ಕೈಯಲ್ಲಿ ಹಿಡಿದು ಆಡುವ ಗೇಮ್ ಕನ್ಸೋಲ್ ಆನ್ ಆಗುವಾಗ ಪರದೆಯ ಮೇಲೆ ಓಡುವ ಪುಟ್ಟ ದೃಶ್ಯವೇ ಬೂಟ್ ವಿಡಿಯೊ. ಕಂಪನಿ ಕೊಟ್ಟದ್ದನ್ನು ತೆಗೆದು ತಮ್ಮದೇ ವಿಡಿಯೊ ಕೂರಿಸುವ ಹವ್ಯಾಸ ಸಲೀಸಾದದ್ದು 2022ರಲ್ಲಿ ವಾಲ್ವ್ ಕಂಪನಿಯ ಸ್ಟೀಮ್ ಡೆಕ್ ಬಂದ ಮೇಲೆ. ಕೋಲಾರದ ನರಸಾಪುರದಲ್ಲಿ ಜೋಡಣೆಯಾಗುವ ಐಫೋನ್‌ನಲ್ಲಿ ಮೊದಲು ಮೂಡುವ ಸೇಬನ್ನು ಬದಲಿಸಲು ಆ್ಯಪಲ್ ಬಿಡುವುದಿಲ್ಲ. ಆದರೆ ಡೆಕ್‌ನ ಕಾರ್ಯವ್ಯವಸ್ಥೆಯಾದ ಸ್ಟೀಮ್‌ಓಎಸ್ ಲಿನಕ್ಸ್ ಆಧಾರಿತ, ಅದರ ಫೈಲುಗಳಿಗೆ ಬಳಸುವವರೇ ಕೈಹಾಕಬಹುದು.

ಆದರೂ ಮೊದಮೊದಲು ಒಂದು ವಿಚಿತ್ರ ತೊಡಕಿತ್ತು. ಹೊಸ ಫೈಲು ಮೂಲದಷ್ಟೇ, ಅಂದರೆ ಸರಿಯಾಗಿ 18,40,847 ಬೈಟ್ ತೂಗಬೇಕಿತ್ತು. ಅಳತೆ ತಪ್ಪಿದರೆ ಫೈಲು ಕೆಟ್ಟಿದೆಯೆಂದು ಬಗೆದು ವಾಲ್ವ್‌ನ ಗೇಮ್ ತಂತ್ರಾಂಶ ಸ್ಟೀಮ್ ಹಳೆಯದನ್ನೇ ಮತ್ತೆ ಇಳಿಸಿಕೊಳ್ಳುತ್ತಿತ್ತು. ಹವ್ಯಾಸಿಗಳು ಸುಮ್ಮನಾಗಲಿಲ್ಲ. ವಿಡಿಯೊವನ್ನು ಆ ಮಿತಿಗಿಂತ ಚಿಕ್ಕದಾಗಿ ಮಾಡಿ, ಕೊನೆಗೆ ಸೊನ್ನೆಗಳನ್ನು ತುಂಬಿ ಲೆಕ್ಕ ಸರಿದೂಗಿಸಿದರು! ಅದೇ ವರ್ಷ ವಾಲ್ವ್ ಇದಕ್ಕೆಂದೇ ಬೇರೆ ಫೋಲ್ಡರ್ ಒದಗಿಸಿದ ಮೇಲೆ ಈ ಕಸರತ್ತು ಬೇಕಾಗಲಿಲ್ಲ. ಈಗ ಸೆಟ್ಟಿಂಗ್ಸ್‌ನಲ್ಲೇ ಬೇಕಾದ್ದನ್ನು ಆರಿಸಿಕೊಳ್ಳಬಹುದು.

ಸ್ಟೀಮ್‌ನ ಪರದೆ ನಡೆಯುವುದು ಕ್ರೋಮಿಯಂ ಬ್ರೌಸರ್ ಎಂಜಿನ್‌ ಮೇಲೆ. ಹಾಗಾಗಿ ಅದು ಕೇಳುವುದು ವೆಬ್‌ಎಂ ಫೈಲನ್ನು. ಮೊಬೈಲಿನ ಎಂಪಿ4 ಅನ್ನು ಎಫ್‌ಎಫ್‌ಎಂಪೆಗ್‌ನಂಥ ಉಚಿತ ತಂತ್ರಾಂಶದಿಂದ ಬದಲಿಸಿಕೊಳ್ಳಬೇಕು. ಚಿತ್ರಕ್ಕೆ ವಿಪಿ9, ಧ್ವನಿಗೆ ಓಪಸ್ ಹೊಂದುತ್ತವೆ. ನಿಜವಾದ ಕೆಲಸವಿರುವುದು ಆಕಾರದಲ್ಲಿ. ಡೆಕ್‌ನ ಪರದೆ 1280×800. ಮುಳಬಾಗಿಲು ತಾಲ್ಲೂಕಿನ ದೇವರಾಯಸಮುದ್ರದ ಬೆಟ್ಟವನ್ನು ಯಾರಾದರೂ ಮೊಬೈಲ್ ಅಡ್ಡ ಹಿಡಿದು 1920×1080ರಲ್ಲಿ ತೆಗೆದಿದ್ದಾರೆ ಎಂದುಕೊಳ್ಳಿ. ಪೂರ್ತಿ ಚಿತ್ರ ಬೇಕೆಂದರೆ ಮೇಲೂ ಕೆಳಗೂ 40 ಪಿಕ್ಸೆಲ್‌ನ ಕಪ್ಪು ಪಟ್ಟಿ ಉಳಿಯುತ್ತದೆ; ಪರದೆ ತುಂಬಬೇಕೆಂದರೆ ಮೂಲದ ಎರಡೂ ಬದಿಯಲ್ಲಿ 96 ಪಿಕ್ಸೆಲ್ ಕತ್ತರಿಸಬೇಕು. ರೀಲ್ಸ್‌ಗೆಂದು ಉದ್ದುದ್ದ ತೆಗೆದದ್ದಾದರೆ ನಡುವೆ 450 ಪಿಕ್ಸೆಲ್ ಅಗಲದ ಕಿಂಡಿಯಷ್ಟೇ ಕಾಣುತ್ತದೆ, ಅದನ್ನು ಕೈಬಿಡುವುದೇ ಲೇಸು.

ಈ ವಿಡಿಯೊ ಓಡುವ ಹೊತ್ತಿಗೆ ಲಿನಕ್ಸ್ ಎದ್ದು ಕೂತಿರುತ್ತದೆ. ಆದ್ದರಿಂದ ಫೈಲು ಕೆಟ್ಟರೂ ಯಂತ್ರ ಕೆಡುವುದಿಲ್ಲ.

2004ರ ಸೋನಿ ಪಿಎಸ್‌ಪಿಯಲ್ಲಿ ಈ ಧೈರ್ಯ ಇರಲಿಲ್ಲ. ಗೇಮ್ ತೆರೆಯುವಾಗ ಓಡುವ 480×272ರ ವಿಡಿಯೊವನ್ನು ಸೋನಿಯದೇ ಆದ ಪಿಎಂಎಫ್ ರೂಪಕ್ಕೆ ತಂದು, ಮಾರ್ಪಡಿಸಿದ ಫರ್ಮ್‌ವೇರ್‌ ಇದ್ದರೆ ಮಾತ್ರ, ಯಂತ್ರದ ಒಳ ಮೆಮೊರಿಗೇ ಬರೆಯಬೇಕಿತ್ತು. ಅಲ್ಲಿ ಎಡವಿದರೆ ಕನ್ಸೋಲ್ ಮತ್ತೆ ಆನ್ ಆಗದಿರುವ ಅಪಾಯವಿತ್ತು. ಆ್ಯಂಡ್ರಾಯ್ಡ್ ಕನ್ಸೋಲ್‌ಗಳ ದಾರಿಯೇ ಬೇರೆ. ಅವಕ್ಕೆ ವಿಡಿಯೊವನ್ನು ಒಂದೊಂದೇ ಪಿಎನ್‌ಜಿ ಚಿತ್ರವಾಗಿ ಬಿಡಿಸಿ, ಅಳತೆ ಮತ್ತು ವೇಗ ಬರೆದ ಒಂದು ಚಿಕ್ಕ ಪಠ್ಯಕಡತದ ಜೊತೆ ಜಿಪ್ ಮಾಡಬೇಕು. ಜಿಪ್ ಮಾಡುವಾಗ ಕುಗ್ಗಿಸುವ ಆಯ್ಕೆಯನ್ನು ತೆಗೆದಿಡುವುದನ್ನು ಹಲವರು ಮರೆಯುತ್ತಾರೆ. ಆಗ ಆ್ಯನಿಮೇಶನ್ ಮೂಡುವುದೇ ಇಲ್ಲ.