ಉಪಗ್ರಹ ಪಾಠವೂ ಪರೀಕ್ಷೆಯ ಅಳತೆಗೋಲೂ

ಕನ್ನಡ ದೂರದರ್ಶನದ ಚರಿತ್ರೆಯನ್ನು ಬೆಂಗಳೂರು ಕೇಂದ್ರ ಸ್ಥಾಪಿತವಾದ 1981ರಿಂದ ಎಣಿಸುವವರುಂಟು. ಅದಕ್ಕೆ ಆರು ವರ್ಷ ಮೊದಲೇ, ಹೈದರಾಬಾದಿನಲ್ಲಿ ಸಿದ್ಧಗೊಂಡ ಕನ್ನಡ ಕಾರ್ಯಕ್ರಮಗಳು ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಯ ಶಾಲೆಗಳನ್ನು ತಲಪಿದ್ದುವು. ಹೊರನಾಡಿನಲ್ಲಿ ನೆಲೆಸಿದ ನಮಗೆ ಇದು ಅಭಿಮಾನದ ಸಂಗತಿಯೇ ಸರಿ. ಆದರೆ ಇಲ್ಲಿ ವಿಚಾರಿಸಬೇಕೆಂದಿರುವುದು ಅಭಿಮಾನವನ್ನಲ್ಲ, ಆ ಪ್ರಯೋಗದ ಫಲವನ್ನು ಅಳೆದ ಬಗೆಯನ್ನು.

ಉಪಗ್ರಹ ಬೋಧನಾ ದೂರದರ್ಶನ ಪ್ರಯೋಗವು—‘ಸೈಟ್’ ಎಂಬುದು ಅದರ ರೂಢಿಯ ಹೆಸರು—1975ರ ಆಗಸ್ಟ್ 1ರಿಂದ 1976ರ ಜುಲೈ 31ರ ವರೆಗೆ ನಡೆಯಿತು. ವಿಕ್ರಮ ಸಾರಾಭಾಯಿಯವರ ಪ್ರಯತ್ನದಿಂದ 1969ರಲ್ಲಿ ಅಮೆರಿಕದ ನಾಸಾ ಸಂಸ್ಥೆಯೊಡನೆ ಒಪ್ಪಂದವಾಗಿತ್ತು. ಅದು ಕೈಗೂಡಿದುದನ್ನು ಕಾಣಲು ಅವರು ಉಳಿಯಲಿಲ್ಲ, 1971ರ ಡಿಸೆಂಬರಿನಲ್ಲಿ ಗತಿಸಿದರು. ಎ.ಟಿ.ಎಸ್.-6 ಎಂಬ ಉಪಗ್ರಹವನ್ನು ನಾಸಾ ಒಂದು ವರ್ಷದ ಮಟ್ಟಿಗೆ ಎರವಲು ಕೊಟ್ಟಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ, ಕೋಳಿಗೂಡಿಗೆ ಬಳಸುವಂಥ ತಂತಿಬಲೆಯ ಮೂರು ಮೀಟರ್ ಅಗಲದ ತಟ್ಟೆಗಳು ಆಕಾಶಕ್ಕೆ ಮುಖ ಮಾಡಿ ನಿಂತುವು. ಗ್ರಾಹಕ ಯಂತ್ರಗಳು ತಯಾರಾದದ್ದು ಹೈದರಾಬಾದಿನ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ನಿನಲ್ಲಿ. ಅದು ತುರ್ತುಪರಿಸ್ಥಿತಿಯ ಕಾಲ; ಸರಕಾರದ ಕೈಯಲ್ಲಿದ್ದ ಪರದೆಯನ್ನು ಅನುಮಾನದಿಂದ ನೋಡುವುದಕ್ಕೆ ಕಾರಣವಿತ್ತು. ಸಂಜೆಯ ಕಾರ್ಯಕ್ರಮಗಳ ವಿಷಯದಲ್ಲಿ ಆ ವಿಚಾರಣೆ ಪ್ರತ್ಯೇಕವಾಗಿಯೇ ಆಗಬೇಕು. ಈ ಲೇಖನದ ವಸ್ತು ಬೆಳಗಿನ ಪ್ರಸಾರ.

ಬೆಳಗ್ಗೆ ಒಂದೂವರೆ ಗಂಟೆ 5ರಿಂದ 12 ವರ್ಷದ ಮಕ್ಕಳಿಗೆ ಮೀಸಲಾಗಿತ್ತು. ಹಿಂದಿ, ಒರಿಯಾ, ತೆಲುಗು, ಕನ್ನಡ—ಒಂದೊಂದು ಭಾಷೆಗೆ 22½ ನಿಮಿಷ. ಕಾರ್ಯಕ್ರಮಗಳನ್ನು ಪಠ್ಯಪುಸ್ತಕದ ಪಾಠಕ್ರಮಕ್ಕೆ ಕಟ್ಟಿಹಾಕಿರಲಿಲ್ಲವೆಂಬುದನ್ನು ವಾಚಕರು ಮುಖ್ಯವಾಗಿ ಗಮನಿಸಬೇಕು. ಮಗುವಿನ ಕುತೂಹಲವನ್ನು ಕೆರಳಿಸುವುದು, ಸುತ್ತಲಿನ ಪ್ರಪಂಚವನ್ನು ನೋಡಿ ಪ್ರಶ್ನೆ ಕೇಳುವ ಅಭ್ಯಾಸ ಹಚ್ಚುವುದು, ಶುಚಿತ್ವವನ್ನು ಕಲಿಸುವುದು, ಇವು ಉದ್ದೇಶಗಳು. ವಿಜ್ಞಾನದ ಕಾರ್ಯಕ್ರಮಗಳನ್ನು ಇಸ್ರೋ ಮುಂಬಯಿಯಲ್ಲಿ ತಯಾರಿಸಿತು. ಉಪಾಧ್ಯಾಯರನ್ನು ಬದಿಗೊತ್ತದೆ, ಅವರಿಗೂ ವಿಜ್ಞಾನ ಬೋಧನೆಯ ತರಬೇತಿಯನ್ನು ದೂರದರ್ಶನ, ರೇಡಿಯೋ, ಮುದ್ರಿತ ಕೈಪಿಡಿಗಳ ಮೂಲಕ ಕೊಡಲಾಯಿತು. ಯಂತ್ರವು ಗುರುವಿನ ಸ್ಥಾನವನ್ನು ಆಕ್ರಮಿಸುವುದೆಂಬ ಭಯ ಆಗಲೂ ಇದ್ದಿರಬಹುದು. ಯೋಜನೆಯ ಕಲ್ಪನೆಯಲ್ಲಂತೂ ಅದಕ್ಕೆ ಆಧಾರವಿರಲಿಲ್ಲ.

ಫಲವೇನು? ದೂರದರ್ಶನ ಕಂಡ ಮಕ್ಕಳ ಶಾಲಾ ಪಾಠಗಳ ಸಾಧನೆಯಲ್ಲಿ ಎಣಿಸಬಹುದಾದ ವ್ಯತ್ಯಾಸ ಕಾಣಲಿಲ್ಲವೆಂದು ಮೌಲ್ಯಮಾಪಕರು ಹೇಳಿದರು. ಶಾಲೆಗೆ ಸೇರುವ ಮಕ್ಕಳ ಸಂಖ್ಯೆಯೂ ಗಮನಾರ್ಹವಾಗಿ ಏರಲಿಲ್ಲ. ಆದರೆ ಭಾಷೆಯ ಬೆಳವಣಿಗೆಯಲ್ಲಿ, ಪುಸ್ತಕದಾಚೆಯ ಮೂಲಗಳಿಂದ ತಿಳಿದುಕೊಳ್ಳುವ ಆಸಕ್ತಿಯಲ್ಲಿ ಪ್ರಗತಿ ಕಂಡಿತು. ಮೊದಲನೆಯ ಮಾತನ್ನು ಹಿಡಿದು ಮಕ್ಕಳ ಪ್ರಸಾರ ವಿಫಲವಾಯಿತೆನ್ನುವುದು ವಿಚಾರವಂತರಿಗೆ ಒಪ್ಪತಕ್ಕದ್ದಲ್ಲ. ಪಠ್ಯವನ್ನು ಕಲಿಸಲೆಂದೇ ಹೊರಡದ ಪಾಠವನ್ನು ಪಠ್ಯದ ಅಂಕಗಳಿಂದ ತೂಗುವುದು, ಹಾಲನ್ನು ಗಜಕಡ್ಡಿಯಿಂದ ಅಳೆದಂತೆ. ಮನೆಯ ಮಾತು, ಊರಿನ ಮಾತು ಇಷ್ಟನ್ನೇ ಕೇಳಿ ಬೆಳೆದ ರಾಯಚೂರು ಸೀಮೆಯ ಮಗುವೊಂದು ತಾನು ಕಂಡುದನ್ನು ನಾಲ್ಕು ವಾಕ್ಯಗಳಲ್ಲಿ ವರ್ಣಿಸಬಲ್ಲದಾದರೆ, ಅದು ಲಾಭವಲ್ಲವೇ? ಗುಲ್ಬರ್ಗಾ, ರಾಯಚೂರುಗಳು 1956ರ ವರೆಗೆ ಹೈದರಾಬಾದು ಸಂಸ್ಥಾನದಲ್ಲಿದ್ದು, ಉರ್ದು ರಾಜಭಾಷೆಯಾಗಿದ್ದ ಕಾಲದಲ್ಲಿ ಕನ್ನಡ ಶಾಲೆಗಳಿಗಾಗಿ ಹೋರಾಡಿದ ಪ್ರದೇಶಗಳೆಂಬುದನ್ನು ನೆನೆದರೆ, ‘ಭಾಷೆಯ ಬೆಳವಣಿಗೆ’ ಎಂಬ ಆ ಶುಷ್ಕ ಪದಕ್ಕೆ ಎಷ್ಟು ತೂಕವಿದೆಯೆಂಬುದು ತಿಳಿದೀತು.

ವರ್ಷ ಮುಗಿಯಿತು, ಉಪಗ್ರಹವನ್ನು ಹಿಂದಕ್ಕೆ ಒಯ್ದರು. 1977ರಲ್ಲಿ ಗುಲ್ಬರ್ಗಾದಲ್ಲಿ ನೆಲದ ಮೇಲಿನ ಪ್ರಸಾರ ಕೇಂದ್ರ ಬಂದಿತು. 2004ರಲ್ಲಿ ಶಿಕ್ಷಣಕ್ಕೆಂದೇ ಮೀಸಲಾದ ಎಜುಸ್ಯಾಟ್ ಮೇಲೇರಿತು. 2020ರಲ್ಲಿ ಸಾಂಕ್ರಾಮಿಕದಿಂದ ಶಾಲೆಗಳು ಮುಚ್ಚಿದಾಗ, ಕರ್ನಾಟಕದ ಪ್ರೌಢಶಾಲಾ ಮಕ್ಕಳಿಗೆ ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳು ಪ್ರಸಾರವಾದುವು. ಅವು ತರಗತಿವಾರು ಪಠ್ಯವನ್ನು ಅನುಸರಿಸಿದುವು. ಆ ಸಂಕಟದಲ್ಲಿ ಅದು ಅನಿವಾರ್ಯವೂ ಆಗಿತ್ತು. 1975ರಲ್ಲಿ ಪರದೆಗಿದ್ದ ಸ್ವಾತಂತ್ರ್ಯ ಅಲ್ಲಿ ಇರಲಿಲ್ಲ.

ಹೈದರಾಬಾದಿನಲ್ಲಿ ಆ ಕನ್ನಡ ಕಾರ್ಯಕ್ರಮಗಳಿಗೆ ಬರೆದವರ, ದನಿ ಕೊಟ್ಟವರ ಮನೆಗಳಲ್ಲಿ ಹಸ್ತಪ್ರತಿಗಳೋ ಬೆರಳಚ್ಚಿನ ಹಾಳೆಗಳೋ ಉಳಿದಿದ್ದರೆ, ಅವನ್ನು ರದ್ದಿಗೆ ಹಾಕುವ ಮುನ್ನ ನಮ್ಮಂಥ ಸಂಘಗಳು ಕೇಳಿ ಪಡೆಯಬೇಕು. ಅಂಕಪಟ್ಟಿಗೆ ಸಿಕ್ಕದ ಆ ಪಾಠಗಳು ಹೇಗಿದ್ದುವೆಂದು ಓದಿ ತಿಳಿಯಲು ಬೇರೆ ದಾರಿಯಿಲ್ಲ.